ಮೇಲಿನ ಹಲ್ಲು ಕೀಳಿಸಿದರೆ ಕಣ್ಣಿಗೆ ತೊಂದರೆಯಾ?

ಪ್ರಶ್ನೆ: ನಮ್ಮ ತಾಯಿಗೆ 58 ವರ್ಷ. ಮೇಲಿನ ಸಾಲಿನಲ್ಲಿ ಮೂರು ಹಲ್ಲು ಹುಳುಕಾಗಿ ಬೇರು ಮಾತ್ರ ಉಳಿದಿದೆ. ಕೀಳಿಸಿ ಹೊಸ ಹಲ್ಲು ಕಟ್ಟಿಸಿ ಅಂತಾರೆ ಡಾಕ್ಟರು. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಅಂತ ಮನೆಯಲ್ಲಿ ಎಲ್ಲರೂ ಹೆದರಿಸುತ್ತಿದ್ದಾರೆ. ಬೇರು ಹಾಗೇ ಬಿಟ್ಟು ಮೇಲೆ ಸೆಟ್ ಕೂರಿಸಬಹುದಾ?

ಉತ್ತರ: ಕಣ್ಣಿಗೆ ಏನೂ ಆಗುವುದಿಲ್ಲ. ಕೊಳೆತ ಬೇರಿನ ಮೇಲೆ ಸೆಟ್ ಕೂರಿಸಬಾರದು. ಪ್ರಶ್ನೆಗೆ ಇಷ್ಟೇ ಉತ್ತರ. ಆದರೆ ಇಷ್ಟೇ ಹೇಳಿದರೆ ಯಾರೂ ನಂಬುವುದಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಘಟ್ಟದ ಮೇಲಿನವರಿರಲಿ, ಕರಾವಳಿಯವರಿರಲಿ, ಎಲ್ಲಾ ಕೇಳಿಸಿಕೊಂಡು, ತಲೆ ಆಡಿಸಿ, ಬಾಗಿಲ ತನಕ ಹೋಗಿ ತಿರುಗಿ ನಿಲ್ಲುತ್ತಾರೆ. "ಆದ್ರೂ ಡಾಕ್ಟ್ರೇ, ಕಣ್ಣಿಗೆ ಎಂತ ಆಗೂದಿಲ್ಲ ಅಲ್ದಾ?"

ಹಾಗಾಗಿ ಇವತ್ತು ಇದನ್ನು ಬೇರು ಸಮೇತ ಕೀಳೋಣ.

ನೋಟವನ್ನು ಮೆದುಳಿಗೆ ಒಯ್ಯುವ ನರ ಕಣ್ಣುಗುಡ್ಡೆಯ ಹಿಂಭಾಗದಿಂದ ಹೊರಡುತ್ತದೆ. ಅದಕ್ಕೆ ನೋಟದ ಕೆಲಸ ಬಿಟ್ಟು ಬೇರೆ ಕೆಲಸವಿಲ್ಲ. ಹಲ್ಲಿನ ನೋವು ತಿಳಿಸುವ ನರವೇ ಬೇರೆ. ಅದು ಮುಖದಲ್ಲಿ ಮೂರು ಕವಲಾಗುತ್ತದೆ. ಮೇಲಿನ ಕವಲು ಹಣೆ ಮತ್ತು ರೆಪ್ಪೆಯ ಕಡೆಗೆ, ನಡುವಿನದು ಕೆನ್ನೆ ಮತ್ತು ಮೇಲಿನ ಹಲ್ಲುಗಳಿಗೆ, ಕೆಳಗಿನದು ಕೆಳದವಡೆಗೆ. ಮೂರೂ ಒಂದೇ ಬುಡದಿಂದ ಬಂದವು. ಅದಕ್ಕೇ ಮೇಲಿನ ದವಡೆ ಹಲ್ಲು ನೋಯುವಾಗ ಕಣ್ಣಿನ ಸುತ್ತ, ಕಪಾಲದಲ್ಲಿ ಎಳೆದ ಹಾಗೆ ಆಗುವುದು. ನೋವು ಅಲ್ಲಿಗೆ ಹೋದಂತೆ ಅನಿಸುತ್ತದೆ, ಅಷ್ಟೇ. ನೋಟಕ್ಕೂ ಈ ನರಕ್ಕೂ ಸಂಬಂಧವಿಲ್ಲ. ಅದೂ ಅಲ್ಲದೆ ಮೇಲಿನ ದವಡೆ ಹಲ್ಲಿಗೂ ಕಣ್ಣಿಗೂ ನಡುವೆ ಗಾಳಿ ತುಂಬಿದ ಸೈನಸ್ ಎಂಬ ಪೊಳ್ಳು ಜಾಗವೇ ಇದೆ.

ಹಾಗಾದರೆ ಪಕ್ಕದ ಮನೆಯವರಿಗೆ ಹಲ್ಲು ಕಿತ್ತ ಮೇಲೇ ಕಣ್ಣು ಮಂಜಾಯಿತಲ್ಲ? ಅವರ ವಯಸ್ಸು ಕೇಳಿ. ನಲವತ್ತು ದಾಟಿದ ಮೇಲೆ ಚಾಳೀಸು ಬರುತ್ತದೆ, ಇನ್ನೂ ಮುಂದೆ ಪೊರೆ. ಹಲ್ಲು ಅಲುಗಾಡುವುದು, ಕೀಳಿಸುವುದು ಜಾಸ್ತಿಯಾಗುವುದೂ ಅದೇ ವಯಸ್ಸಿನಲ್ಲಿ. ಸಕ್ಕರೆ ಕಾಯಿಲೆ ಇದ್ದರಂತೂ ವಸಡಿಗೂ ಕಣ್ಣಿಗೂ ಒಟ್ಟಿಗೇ ಪೆಟ್ಟು. ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋಯಿತು! ಹಾಗೆ ನೋಡಿದರೆ ಕೆಳಗಿನ ಹಲ್ಲು ಕೀಳಿಸಿದ ಎಷ್ಟೋ ಜನರಿಗೂ ಕನ್ನಡಕ ಬಂದಿದೆ. ಅವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಒಂದು ಸಂಗತಿ ಮುಚ್ಚಿಡುವುದಿಲ್ಲ. ತೀರಾ ಅಪರೂಪಕ್ಕೆ, ಮರಗಟ್ಟಿಸಲು ಕೊಟ್ಟ ಇಂಜೆಕ್ಷನ್ನಿನ ಔಷಧಿ ಕಣ್ಣಿನ ಹತ್ತಿರದವರೆಗೆ ಹರಡಿ ಸ್ವಲ್ಪ ಹೊತ್ತು ಎರಡೆರಡು ಕಾಣುವುದುಂಟು. ಔಷಧಿ ಇಳಿದ ಹಾಗೆ ಅದೂ ಸಾಮಾನ್ಯವಾಗಿ ಇಳಿಯುತ್ತದೆ. ಅದು ಇಂಜೆಕ್ಷನ್ನಿನ ವಿಷಯ, ಹಲ್ಲಿನದ್ದಲ್ಲ.

ನಿಜವಾದ ಅಪಾಯ ಇರುವುದು ಕೀಳಿಸದೇ ಬಿಡುವುದರಲ್ಲಿ. ಬಾಯಲ್ಲಿ ಎಲ್ಲಕ್ಕಿಂತ ಉದ್ದ ಬೇರಿರುವುದು ಮೇಲಿನ ಕೋರೆಹಲ್ಲಿಗೆ. ಅದರ ಬುಡದಲ್ಲಿ ಕೀವು ತುಂಬಿದರೆ ಬಾವು ಕಣ್ಣಿನ ಕೆಳಗೇ ಬರುತ್ತದೆ. ಬೆಳಿಗ್ಗೆ ಏಳುವಾಗ ರೆಪ್ಪೆ ಬಿಡಿಸಲು ಆಗದಷ್ಟು ಊದಿಕೊಂಡು ಬಂದವರನ್ನು ನೋಡಿದ್ದೇನೆ. ಆ ಸೋಂಕು ಮೇಲಕ್ಕೆ ಹಬ್ಬಿದರೆ ಕಣ್ಣಿಗೂ ಅಪಾಯ, ಜೀವಕ್ಕೂ ಅಪಾಯ. ಕಣ್ಣು ಉಳಿಸಬೇಕು ಅಂತ ಕೊಳೆತ ಹಲ್ಲು ಉಳಿಸಿಕೊಳ್ಳುವವರಿಗೆ ಏನು ಹೇಳುವುದು?

ಇನ್ನೂ ಸಮಾಧಾನವಾಗದಿದ್ದರೆ ಇದನ್ನು ಕೇಳಿ. ಇಟಲಿಯ ಸ್ಟ್ರಾಂಪೆಲ್ಲಿ ಎಂಬ ಕಣ್ಣಿನ ವೈದ್ಯರು 1960ರ ದಶಕದಲ್ಲಿ ಒಂದು ಶಸ್ತ್ರಚಿಕಿತ್ಸೆ ಶುರುಮಾಡಿದರು. ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಪೂರ್ತಿ ಹಾಳಾದವರಿಗೆ ಅವರದೇ ಹಲ್ಲು ಕಿತ್ತು, ಸಾಮಾನ್ಯವಾಗಿ ಕೋರೆಹಲ್ಲನ್ನೇ, ಅದನ್ನು ಮೂಳೆ ಸಮೇತ ತೆಳ್ಳಗೆ ಕೊಯ್ದು, ನಡುವೆ ತೂತು ಕೊರೆದು, ಚಿಕ್ಕ ಲೆನ್ಸ್ ಕೂರಿಸಿ ಕಣ್ಣಿನಲ್ಲಿ ಇಡುವುದು. ನಮ್ಮ ದೇಶದಲ್ಲೂ ಇದನ್ನು ಮಾಡಿದ್ದಾರೆ. ಹಲ್ಲು ಕಿತ್ತು ಕಣ್ಣು ಕೊಟ್ಟಿದ್ದಾರೆ ಸ್ವಾಮಿ!

ಈಗ ನಿಮ್ಮ ತಾಯಿಯ ವಿಷಯ. ಗಟ್ಟಿಯಿರುವ ಬೇರಾದರೆ ರೂಟ್ ಕೆನಾಲ್ ಮಾಡಿ ಉಳಿಸಿಕೊಂಡು ಮೇಲೆ ಸೆಟ್ ಕೂರಿಸುವ ಕ್ರಮ ಇದೆ. ಕೊಳೆತದ್ದಕ್ಕೆ ಆ ಮಾತಿಲ್ಲ. ಕೀಳಿಸಿದ ಮೇಲೆ ವರ್ಷಗಟ್ಟಲೆ ಸುಮ್ನೆ ಬಿಡಬೇಡಿ. ಹಲ್ಲಿಲ್ಲದ ಜಾಗದ ಮೂಳೆ ಕರಗುತ್ತದೆ, ಮೊದಲ ವರ್ಷದಲ್ಲೇ ಜಾಸ್ತಿ. ಪಕ್ಕದ ಹಲ್ಲು ಖಾಲಿ ಜಾಗಕ್ಕೆ ವಾಲುತ್ತದೆ, ಎದುರಿನದು ಇಳಿದು ಬರುತ್ತದೆ.

ತೆಗೆದು ಹಾಕುವ ಸೆಟ್ ಅಗ್ಗ. ರಾತ್ರಿ ತೆಗೆದು ತಣ್ಣೀರಿನಲ್ಲಿ ಇಡಬೇಕು. ಬಿಸಿನೀರು ಬೇಡ, ಆಕಾರ ಕೆಡುತ್ತದೆ. ಬ್ರಿಜ್ ಅಂದರೆ ಅಕ್ಕಪಕ್ಕದ ಹಲ್ಲು ಸವೆಸಿ, ಕ್ಯಾಪ್ ಹಾಕಿ, ನಡುವೆ ಹಲ್ಲು ಕೂರಿಸುವುದು. ಅದು ಗಟ್ಟಿ, ಆದರೆ ಏಡಿ ಕಾಲು ಕಡಿಯಲು ಹೋಗಬೇಡಿ. ಇಂಪ್ಲಾಂಟ್ ಅಂದರೆ ಮೂಳೆಯೊಳಗೆ ಟೈಟಾನಿಯಂ ಸ್ಕ್ರೂ. ಸ್ವೀಡನ್ನಿನಲ್ಲಿ 1965ರಲ್ಲೇ ಮೊದಲ ರೋಗಿಗೆ ಹಾಕಿದ್ದರು. ಮೂಳೆ ಅದನ್ನು ಹಿಡಿದುಕೊಳ್ಳಲು ಮೂರರಿಂದ ಆರು ತಿಂಗಳು ಬೇಕು, ಖರ್ಚೂ ಜಾಸ್ತಿ. ತಡ ಮಾಡಿ ಮೂಳೆ ಕರಗಿದರೆ ಮೊದಲು ಮೂಳೆ ತುಂಬಿಸಬೇಕಾಗಬಹುದು. ಬಿಪಿಎಲ್ ಕಾರ್ಡ್ ಇರುವ ಹಿರಿಯರಿಗೆ ಸರ್ಕಾರದ ದಂತಭಾಗ್ಯ ಯೋಜನೆ ಇದೆ. ತಾಲೂಕು ಆಸ್ಪತ್ರೆಯ ಹಲ್ಲಿನ ವಿಭಾಗದಲ್ಲಿ ವಿಚಾರಿಸಿ.

ಇನ್ನೊಂದು ಪ್ರಶ್ನೆಯನ್ನು ನೀವು ಕೇಳಿಲ್ಲ, ಬಾಯಿಬಿಟ್ಟು ಯಾರೂ ಕೇಳುವುದಿಲ್ಲ. ಸೊಂಟದ ಸಂಚಿ ಮುಟ್ಟಿ ನೋಡಿ ನಗುತ್ತಾರೆ. ಸೆಟ್ ಹಾಕಿಸಿದ ಮೇಲೆ ಕವಳ, ಅಂದರೆ ಎಲೆಅಡಿಕೆ, ಹಾಕಬಹುದಾ? ನಮ್ಮ ಮನೆಯಲ್ಲೂ ಅಡಿಕೆ ತೋಟವಿದೆ, ಆದರೂ ಹೇಳುತ್ತೇನೆ: ಬೇಡ. ಅಡಿಕೆ ಚೂರು ಸೆಟ್ಟಿನ ಕೆಳಗೆ ಸೇರಿ ವಸಡಿಗೆ ಹುಣ್ಣು ಮಾಡುತ್ತದೆ. ಹಲ್ಲು ಸವೆಯುತ್ತದೆ, ಸೆಟ್ ಕೆಂಪಾಗುತ್ತದೆ. ಹೊಗೆಸೊಪ್ಪು ಇಲ್ಲದೆ ಬರೀ ಅಡಿಕೆ ಆದರೆ ಏನೂ ಆಗಲ್ಲ ಅನ್ನುವವರಿಗೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ.

ಅಡಿಕೆ ಅಗಿದು ಅಗಿದು ಕೆಲವರ ಕೆನ್ನೆಯ ಒಳಪದರ ಬಿಗಿದು ಬಾಯಿಯೇ ತೆರೆಯುವುದಿಲ್ಲ. ಅಳತೆ ತೆಗೆಯುವ ಟ್ರೇ ಒಳಗೆ ಹೋಗದಿದ್ದರೆ ಸೆಟ್ ಮಾಡುವುದು ಹೇಗೆ? ತಾಯಿಯವರು ಕವಳ ಹಾಕುವವರಾದರೆ ಬರುವ ಮುಂಚೆ ಮನೆಯಲ್ಲೇ ನೋಡಿ: ಅವರದೇ ಕೈಯ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟರೆ ಮುಂದಿನ ಹಲ್ಲುಗಳ ನಡುವೆ ಹಿಡಿಸಬೇಕು. ಎರಡೇ ಹಿಡಿಸಿದರೆ ಡಾಕ್ಟರಿಗೆ ಹಲ್ಲಿಗಿಂತ ಮೊದಲು ಅದನ್ನೇ ಹೇಳಿ.