ವಿಜಿಟಿ ಕೂರಿಸಬಹುದು, ಅದರ ರೆಕ್ಕೆ ಆಡಿಸುವವರು ಯಾರು?

ಹಳೇ ಡೀಸೆಲ್ ಪಿಕಪ್ಪಿಗೆ ವಿಜಿಟಿ (ವೇರಿಯಬಲ್ ಜಿಯಾಮೆಟ್ರಿ, ಅಂದರೆ ಒಳಗಿನ ರೆಕ್ಕೆಗಳಿಂದ ಹಬೆಯ ದಾರಿ ಹಿಗ್ಗಿ ಕುಗ್ಗುವ) ಟರ್ಬೊ ಹಾಕಿಕೊಡಿ ಎಂದು ಕೇಳಿಕೊಂಡು ಬರುವವರು ಈಗೀಗ ಹೆಚ್ಚಾಗಿದ್ದಾರೆ. ಬಹುತೇಕರ ಮೊಬೈಲಿನಲ್ಲಿ ಒಂದು ಅಮೆರಿಕದ ವಿಡಿಯೊ ಇರುತ್ತದೆ. ತೊಂಬತ್ತರ ದಶಕದ ಡಾಡ್ಜ್ ರ‍್ಯಾಮ್, ಅದರ ಕಮಿನ್ಸ್ ಎಂಜಿನ್ನಿಗೆ ಹೊಸದಾಗಿ ಕೂರಿಸಿದ ಹೋಲ್ಸೆಟ್ ಕಂಪನಿಯ ವಿಜಿಟಿ, ಆಕ್ಸಿಲರೇಟರ್ ಒತ್ತಿದ ಕೂಡಲೇ ಮೇಲೇಳುವ ಬೂಸ್ಟ್ ಮುಳ್ಳು. "ನಮ್ಮ ಬೊಲೆರೊಗೂ ಹೀಗೇ ಮಾಡಿ ಸಾರ್, ಎಷ್ಟಾಗುತ್ತೆ?" ಎಂಬುದು ಮೊದಲ ಪ್ರಶ್ನೆ. ನಾನು ಕೇಳುವುದು ಬೇರೆ: ಟರ್ಬೊ ಕೂರಿಸೋಣ, ಅದರ ರೆಕ್ಕೆಗಳನ್ನು ಆಡಿಸುವವರು ಯಾರು?

ಎಂಜಿನ್ ಹೊರಬಿಡುವ ಬಿಸಿ ಹಬೆಯ (ಎಕ್ಸಾಸ್ಟ್) ಬಲದಿಂದ ಟರ್ಬೈನ್ ಎಂಬ ಚಕ್ರ ತಿರುಗಿಸಿ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವುದು ಟರ್ಬೊ; ಆ ಗಾಳಿಯ ಒತ್ತಡವೇ ಬೂಸ್ಟ್. ಸಾದಾ ಟರ್ಬೊ ಒಂದು ರಾಜಿ. ಟರ್ಬೈನ್ ಹೌಸಿಂಗ್ (ಹೊರಕವಚ) ಚಿಕ್ಕದಾದರೆ ಕಡಿಮೆ ಆರ್‌ಪಿಎಮ್ಮಿನಲ್ಲೇ ಬೂಸ್ಟ್ ಬರುತ್ತದೆ, ಎಂಜಿನ್ ಓಟ ಹೆಚ್ಚಿದಂತೆ ಉಸಿರು ಕಟ್ಟುತ್ತದೆ. ದೊಡ್ಡದಾದರೆ ಮೇಲೆ ಸಲೀಸು, ಕೆಳಗೆ ಬರೀ ಹೊಗೆ. ಕಂಪನಿಯವರು ಇವೆರಡರ ನಡುವೆ ಒಂದು ಅಳತೆ ಆರಿಸಿ, ಹೆಚ್ಚಾದ ಹಬೆ ಹೊರಗೆ ಹೋಗಲೆಂದು ವೇಸ್ಟ್‌ಗೇಟ್ ಇಡುತ್ತಾರೆ. ವಿಜಿಟಿಯಲ್ಲಿ ಈ ಅಳತೆಯೇ ಓಡುತ್ತಲೇ ಬದಲಾಗುತ್ತದೆ. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ಇರುವಷ್ಟೇ ನೀರು ದೂರಕ್ಕೆ ಚಿಮ್ಮುತ್ತದಲ್ಲ, ಹಾಗೆ. ದಾರಿ ಕಿರಿದಾದಾಗ ಸ್ವಲ್ಪ ಹಬೆಯೂ ವೇಗ ಪಡೆದು ಟರ್ಬೈನನ್ನು ತಿರುಗಿಸುತ್ತದೆ. ಲೋಡು ಹೊತ್ತು ಶಿರಾಡಿ ಹತ್ತುವ ಗಾಡಿಗೆ 1500 ಆರ್‌ಪಿಎಮ್ಮಿನ ಆಸುಪಾಸಿನಲ್ಲಿ ಬೇಕಾಗಿರುವುದು ಇದೇ.

ಇದರಲ್ಲಿ ಎರಡು ಜಾತಿ. ಕಾರು, ಎಸ್‌ಯುವಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಟರ್ಬೈನಿನ ಸುತ್ತ ನಿಂತ ಪುಟ್ಟ ರೆಕ್ಕೆಗಳು. ಒಂದು ರಿಂಗ್ ತಿರುಗಿದರೆ ಅಷ್ಟೂ ಒಟ್ಟಿಗೆ ಓರೆಯಾಗುತ್ತವೆ. ಹೋಲ್ಸೆಟ್ ವಿಧಾನದಲ್ಲಿ ರೆಕ್ಕೆಗಳ ಕೋನ ಬದಲಾಗುವುದೇ ಇಲ್ಲ. ಅವನ್ನು ಹೊತ್ತ ರಿಂಗ್ ಹಿಂದೆ ಮುಂದೆ ಸರಿದು ದಾರಿಯ ಅಗಲವನ್ನೇ ಹೆಚ್ಚು ಕಡಿಮೆ ಮಾಡುತ್ತದೆ. ಎರಡನೆಯದು ಗಟ್ಟಿ. ಹಾಗೆಂದು ಮಸಿ ಕಟ್ಟಿದರೆ ಜಾಮ್ ಆಗದೇ ಇರುವುದಿಲ್ಲ.

ವಿಡಿಯೊದ ಗಾಡಿಗೆ ಬರೋಣ. 1989ರಿಂದ 1998ರವರೆಗಿನ ಡಾಡ್ಜ್ ರ‍್ಯಾಮ್‌ನಲ್ಲಿದ್ದದ್ದು 5.9 ಲೀಟರಿನ ಆರು ಸಿಲಿಂಡರ್ ಕಮಿನ್ಸ್ 6ಬಿಟಿ, ಹನ್ನೆರಡು ವಾಲ್ವಿನದು. ಜಮ್ಶೆಡ್‌ಪುರದ ಟಾಟಾ ಕಮಿನ್ಸ್ ಕಾರ್ಖಾನೆಯಿಂದ ಬಂದು ನಮ್ಮ ಟಾಟಾ ಲಾರಿಗಳಲ್ಲಿ ಓಡಿದ್ದೂ ಇದೇ ಕುಲದ ಎಂಜಿನ್, ಹಾಗಾಗಿ ಹಳೇ ಲಾರಿ ಮೆಕ್ಯಾನಿಕ್ಕುಗಳಿಗೆ ಇದೇನು ಹೊಸಬನಲ್ಲ. ಆ ರ‍್ಯಾಮ್‌ಗೆ ಅವರು ಹಾಕುವ ಟರ್ಬೊ ಹೋಲ್ಸೆಟ್ ಎಚ್‌ಇ351ವಿಇ. 2007ರ ನಡುವಿನಿಂದ 2012ರವರೆಗಿನ 6.7 ಲೀಟರ್ ಕಮಿನ್ಸ್‌ನಲ್ಲಿ ಬಂದದ್ದು, ಗುಜರಿಯಲ್ಲಿ ಸಿಗುತ್ತದೆ.

ಅಳತೆ ಹೊಂದುತ್ತದೆಯೇ ಎಂದು ನೋಡಲು ಒಂದು ಒರಟು ಲೆಕ್ಕ ಸಾಕು. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಸಿಸಿಯಷ್ಟು ಗಾಳಿ ಎಳೆಯುತ್ತದೆ. 5.9 ಲೀಟರ್ ಎಂಜಿನ್ 2500 ಆರ್‌ಪಿಎಮ್ಮಿನಲ್ಲಿ ಬೂಸ್ಟನ್ನು ಲೆಕ್ಕಕ್ಕೆ ಹಿಡಿಯದೆ ನಿಮಿಷಕ್ಕೆ ಸುಮಾರು 7,400 ಲೀಟರ್ ಗಾಳಿ ಕೇಳುತ್ತದೆ. 6.7 ಲೀಟರಿನದು 3000ದಲ್ಲಿ ಸುಮಾರು 10,000. ಅಂದರೆ ಟರ್ಬೊಗೆ ಹಳೇ ಎಂಜಿನ್ ಚಿಕ್ಕ ಹೊರೆ. ಉಳಿದ ಜಾಗವನ್ನು ಅಲ್ಲಿನವರು ಡೀಸೆಲ್ ಪಂಪಿನಿಂದ ಹೆಚ್ಚು ಇಂಧನ ಬಿಟ್ಟು ತುಂಬುತ್ತಾರೆ. 1994ರ ನಂತರದ ಗಾಡಿಗಳ ಬಾಷ್ ಪಿ7100 ಇನ್‌ಲೈನ್ ಪಂಪ್ ಅದಕ್ಕೆ ಹೇಳಿ ಮಾಡಿಸಿದಂತಿದೆ. ಡೀಸೆಲ್ಲಿನಲ್ಲಿ ಶಕ್ತಿ ಕೊಡುವುದು ಇಂಧನ; ಗಾಳಿ ಅದನ್ನು ಸುಡಲು ಅನುವು ಮಾಡಿಕೊಡುತ್ತದೆ ಅಷ್ಟೆ. ಪಂಪ್ ಮುಟ್ಟದೆ ಟರ್ಬೊ ಮಾತ್ರ ಬದಲಿಸಿದರೆ ಹೊಗೆ ಕಡಿಮೆಯಾಗುತ್ತದೆ, ಕೆಳಗಿನ ಎಳೆತ ಸುಧಾರಿಸುತ್ತದೆ. ಹಾರ್ಸ್‌ಪವರ್ ಆಕಾಶದಿಂದ ಇಳಿದು ಬರುವುದಿಲ್ಲ.

ಇನ್ನು ನನ್ನ ಪ್ರಶ್ನೆ. 6.7ರಲ್ಲಿ ಈ ಟರ್ಬೊದ ರಿಂಗನ್ನು ಸರಿಸುವುದು ಒಂದು ಎಲೆಕ್ಟ್ರಿಕ್ ಆಕ್ಚುಯೇಟರ್. ಎಂಜಿನ್ನಿನ ಕಂಪ್ಯೂಟರಾದ ಇಸಿಎಂ ಅದರ ಜೊತೆ ಕ್ಯಾನ್ ಎಂಬ ಸಂದೇಶ ವೈರುಗಳಲ್ಲಿ ಎಡೆಬಿಡದೆ ಮಾತಾಡುತ್ತಿರುತ್ತದೆ. ಹನ್ನೆರಡು ವಾಲ್ವಿನ ಹಳೇ ಎಂಜಿನ್ನಿನಲ್ಲಿ ಮಾತಾಡುವವರೇ ಇಲ್ಲ. ಪಂಪಿನಿಂದ ಹಿಡಿದು ಎಲ್ಲವೂ ಮೆಕ್ಯಾನಿಕಲ್. ಹಾಗಾಗಿ ಅಲ್ಲಿನ ಹವ್ಯಾಸಿಗಳು ಪ್ರತ್ಯೇಕ ಕಂಟ್ರೋಲರ್ ಮಾಡಿಕೊಂಡರು. ಆರ್‌ಪಿಎಮ್, ಆಕ್ಸಿಲರೇಟರ್, ಬೂಸ್ಟ್, ಎಕ್ಸಾಸ್ಟ್ ಒತ್ತಡ ಇವನ್ನೆಲ್ಲ ಓದಿ ರಿಂಗ್ ಎಲ್ಲಿರಬೇಕೆಂದು ಹೇಳುವ ಪೆಟ್ಟಿಗೆ ಅದು. ವಿಡಿಯೊದಲ್ಲಿ ಟರ್ಬೊ ಹೊಳೆಯುತ್ತದೆ, ಈ ಪೆಟ್ಟಿಗೆ ಡ್ಯಾಶ್‌ಬೋರ್ಡ್ ಅಡಿಯಲ್ಲಿ ಕತ್ತಲಲ್ಲಿರುತ್ತದೆ. ಕೆಲಸದ ಮುಕ್ಕಾಲು ಪಾಲು ಅದರಲ್ಲಿದೆ. ಕೇಬಲ್ ಹಾಕಿ ಕೈಯಿಂದ ಆಡಿಸುವವರೂ ಇದ್ದಾರೆ. ಪ್ರದರ್ಶನಕ್ಕೆ ಪರವಾಗಿಲ್ಲ, ಬಾಡಿಗೆ ಹೊಡೆಯುವ ಗಾಡಿಗಲ್ಲ.

ನಮ್ಮಲ್ಲಿ ಹೆಚ್ಚು ನಡೆಯುವ ಕಸರತ್ತು ಬೇರೆ, ಅದೇ ನನಗೆ ಭಯ. ಕಾರುಗಳ ವಿಜಿಟಿಗೆ ಹೆಚ್ಚಾಗಿ ವ್ಯಾಕ್ಯೂಮ್ ಆಕ್ಚುಯೇಟರ್ ಇರುತ್ತದೆ. ವ್ಯಾಕ್ಯೂಮ್ ಎಳೆದಾಗ ರೆಕ್ಕೆ ಮುಚ್ಚುತ್ತದೆ, ವ್ಯಾಕ್ಯೂಮ್ ಇಲ್ಲದಾಗ ತೆರೆಯುತ್ತದೆ. ಪೈಪು ಹರಿದರೆ ಗಾಡಿ ಸತ್ತಂತೆ ಓಡುತ್ತದೆ, ಎಂಜಿನ್ ಮಾತ್ರ ಸುರಕ್ಷಿತ. ಇಸಿಎಂ ಇಲ್ಲದ ಹಳೇ ಗಾಡಿಗೆ ಹಾಕುವಾಗ ಆ ಆಕ್ಚುಯೇಟರ್ ಡಬ್ಬಿ ತೆಗೆದು, ಬೂಸ್ಟಿನಿಂದ ಕೆಲಸ ಮಾಡುವ ಡಬ್ಬಿ ಕಟ್ಟುತ್ತಾರೆ. ಸ್ಪ್ರಿಂಗ್ ರೆಕ್ಕೆಗಳನ್ನು ಮುಚ್ಚಿ ಹಿಡಿದಿರುತ್ತದೆ, ಬೂಸ್ಟ್ ಬಂದಂತೆ ತಳ್ಳಿ ತೆರೆಯುತ್ತದೆ. ಅಗ್ಗ, ಸರಳ, ಕೆಲಸವೂ ಮಾಡುತ್ತದೆ. ಆದರೆ ಈಗ ಅದೇ ರಬ್ಬರ್ ಪೈಪು ಹರಿದರೆ? ರೆಕ್ಕೆ ಮುಚ್ಚಿಯೇ ಉಳಿಯುತ್ತದೆ. ಪೂರ್ತಿ ಲೋಡಿನಲ್ಲಿ ಟರ್ಬೊ ಮಿತಿ ಮೀರಿ ತಿರುಗುತ್ತದೆ, ಎಂಜಿನ್ನಿನಿಂದ ಟರ್ಬೊಗೆ ಹಬೆ ತರುವ ಮ್ಯಾನಿಫೋಲ್ಡಿನಲ್ಲಿ ಒತ್ತಡ ಕಟ್ಟಿಕೊಳ್ಳುತ್ತದೆ. ಕಂಪನಿ ಇಟ್ಟಿದ್ದ ರಕ್ಷಣೆಯನ್ನು ನಾವೇ ತಲೆಕೆಳಗು ಮಾಡಿದ್ದೇವೆ. ಕೆಲವರು ಇದರ ಮೇಲೆ, ರೆಕ್ಕೆ ಎಷ್ಟು ಮುಚ್ಚಬಹುದೆಂದು ನಿಗದಿಪಡಿಸುವ ಸ್ಟಾಪ್ ಸ್ಕ್ರೂವನ್ನೂ ತಿರುವಿ "ಇನ್ನಷ್ಟು ಪಿಕಪ್" ಕೊಡುತ್ತಾರೆ. ಆ ಸ್ಕ್ರೂ ಮುಟ್ಟಿದ ಟರ್ಬೊವನ್ನು ನಾನು ಗಾಡಿಗೆ ಏರಿಸುವುದಿಲ್ಲ.

ಬೂಸ್ಟ್ ಗೇಜ್ ಒಂದನ್ನೇ ನಂಬುವುದು ಇನ್ನೊಂದು ರೋಗ. ರೆಕ್ಕೆ ಮುಚ್ಚಿದಷ್ಟೂ ಬೂಸ್ಟ್ ಏರುತ್ತದೆ, ನೋಡಲು ಖುಷಿ. ಆ ಬೂಸ್ಟಿಗೆ ಬೆಲೆ ತೆರುವುದು ಎಕ್ಸಾಸ್ಟ್ ಕಡೆ. ಟರ್ಬೊಗೆ ಮೊದಲು, ಮ್ಯಾನಿಫೋಲ್ಡಿನಲ್ಲಿ ಒತ್ತಡ ಎಷ್ಟಿದೆ ಎಂದು ಅಳೆಯದೆ ವಿಜಿಟಿ ಸೆಟ್ ಮಾಡಲಾಗದು. ಮ್ಯಾನಿಫೋಲ್ಡಿಗೆ ಒಂದು ತೂತು, ಅದರಿಂದ ಸುರುಳಿ ಸುತ್ತಿದ ತಾಮ್ರದ ಕೊಳವೆ (ಹಬೆ ತಣಿಯಲಿ ಎಂದು), ಕೊನೆಗೆ ಒಂದು ಸಾದಾ ಪ್ರೆಷರ್ ಗೇಜ್, ಇಷ್ಟೇ ಸಾಮಾನು. ಬೂಸ್ಟ್ 20 ಪಿಎಸ್‌ಐ ಇರುವಾಗ ಮ್ಯಾನಿಫೋಲ್ಡಿನಲ್ಲಿ 25 ಇದ್ದರೆ ಒಪ್ಪುತ್ತೇನೆ. 45 ಇದ್ದರೆ ಪಿಸ್ಟನ್ನುಗಳು ಹಬೆಯನ್ನು ತಳ್ಳುವುದರಲ್ಲೇ ಸೋಲುತ್ತಿವೆ. ಗೇಜಿನಲ್ಲಿ ಬೂಸ್ಟ್ ಇದೆ, ಚಕ್ರದಲ್ಲಿ ಎಳೆತವಿಲ್ಲ, ಡೀಸೆಲ್ ಮಾತ್ರ ಖರ್ಚು. ಒತ್ತಡ ಇನ್ನೂ ಹೆಚ್ಚಿದರೆ ಎಕ್ಸಾಸ್ಟ್ ವಾಲ್ವನ್ನೇ ಸೀಟಿನಿಂದ ಎಬ್ಬಿಸುತ್ತದೆ. ಹಳೇ ಕಮಿನ್ಸ್‌ಗೆ ಎಕ್ಸಾಸ್ಟ್ ಬ್ರೇಕ್ (ಹಬೆಯ ದಾರಿ ಕಟ್ಟಿ ಗಾಡಿ ನಿಧಾನಿಸುವ ಸಾಧನ) ಹಾಕುವಾಗ ಗಟ್ಟಿ ವಾಲ್ವ್ ಸ್ಪ್ರಿಂಗ್ ಹಾಕುವುದು ಈ ಕಾರಣಕ್ಕೇ. ವಿಜಿಟಿಯನ್ನು ಪೂರ್ತಿ ಮುಚ್ಚಿ ಘಾಟಿ ಇಳಿಯಲು ಬ್ರೇಕಿನಂತೆ ಬಳಸುವ ಆಸೆಯಿದ್ದವರಿಗೂ ಅದೇ ಮಾತು ಅನ್ವಯ. ಇದರ ಜೊತೆಗೆ ಟರ್ಬೈನಿಗೆ ಮೊದಲೇ ಕೂತು ಹಬೆಯ ಬಿಸಿ ಅಳೆಯುವ ಪೈರೋಮೀಟರ್ ಬೇಕು; ಚಡಾವಿನಲ್ಲಿ ಮುಳ್ಳು 700 ಡಿಗ್ರಿ ದಾಟಿ ಅಲ್ಲೇ ನಿಂತರೆ ಕಾಲು ಸಡಿಲಿಸಬೇಕು.

ಪೈಪು, ಫ್ಲೇಂಜ್, ಕೂಲಂಟ್ ಲೈನುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಒಳ್ಳೆಯ ವೆಲ್ಡರ್ ಮತ್ತು ಲೇತ್‌ನವರು ಇದ್ದರೆ ಆಗುತ್ತದೆ. ಆಯಿಲ್ ವಾಪಸ್ ಬರುವ ಪೈಪು ಮಾತ್ರ ದಪ್ಪವಿರಲಿ, ನೇರ ಕೆಳಕ್ಕೆ ಇಳಿಯಲಿ. ಅಲ್ಲಿ ಒತ್ತಡವಿಲ್ಲ, ಆಯಿಲ್ ತಾನಾಗಿ ಜಾರಬೇಕು. ಪಿಸ್ಟನ್ ರಿಂಗ್ ಸವೆದು ಕ್ರ್ಯಾಂಕ್‌ಕೇಸಿನಲ್ಲಿ ಹೊಗೆ ತುಂಬಿದ ಎಂಜಿನ್ನಿನಲ್ಲಿ ಈ ದಾರಿ ಕಟ್ಟಿ ಹೊಸ ಟರ್ಬೊವೂ ಆಯಿಲ್ ಕಾರುತ್ತದೆ. ಬೈಗುಳ ಟರ್ಬೊಗೆ! ಇಂಥ ಹೊಗೆ ಬಂಡಿಗೆ ವಿಜಿಟಿ ಹಾಕಿದರೆ ರೆಕ್ಕೆಗಳು ಮಸಿಯಲ್ಲಿ ಅಂಟಿಕೊಳ್ಳಲು ಹೆಚ್ಚು ಕಾಲ ಬೇಕಿಲ್ಲ.

ಈಗ ಬೊಲೆರೊ. ಹಳೇ ಡಿಐ ಎಂಜಿನ್ 2523 ಸಿಸಿ, 3200 ಆರ್‌ಪಿಎಮ್ಮಿನಲ್ಲಿ 63 ಹಾರ್ಸ್‌ಪವರ್. ಜನ ಕಣ್ಣು ಹಾಕುವುದು ಸ್ಕಾರ್ಪಿಯೊದ ಎಂಹಾಕ್ ಎಂಜಿನ್ನಿನ ವಿಜಿಟಿ ಮೇಲೆ: 2179 ಸಿಸಿ, 4000 ಆರ್‌ಪಿಎಮ್ಮಿನಲ್ಲಿ 120. ಮೇಲಿನದೇ ಲೆಕ್ಕ ಹಾಕಿ, ನಿಮಿಷಕ್ಕೆ ಸುಮಾರು 4,000 ಲೀಟರ್ ಮತ್ತು 4,400 ಲೀಟರ್. ಗಾಳಿಯ ಅಳತೆ ಅಚ್ಚರಿಯಷ್ಟು ಹೊಂದುತ್ತದೆ. ಹಾಗಾಗಿ ಆಗುವುದೇ ಇಲ್ಲ ಎಂದು ಯಾರಿಗೂ ಹೇಳಲಾರೆ. ಹೊಂದದಿರುವುದು ಮಿಕ್ಕದ್ದು: ನಿಯಂತ್ರಣ, 63ಕ್ಕೆಂದು ಮಾಡಿದ ಗೇರ್‌ಬಾಕ್ಸ್ ಮತ್ತು ಕ್ಲಚ್, ರೇಡಿಯೇಟರ್.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಹೊಸ ರೂಪ ಪಡೆದ 182ಎ ಸೆಕ್ಷನ್ ಅನುಮತಿಯಿಲ್ಲದ ಬದಲಾವಣೆಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಎನ್ನುತ್ತದೆ. ಅಪಘಾತವಾದಾಗ ವಿಮೆಯವರು ಇದನ್ನೇ ಹಿಡಿದು ತಕರಾರು ತೆಗೆಯಬಹುದು. ಅಮೆರಿಕದಲ್ಲೂ ಎಮಿಷನ್ ವ್ಯವಸ್ಥೆಯನ್ನು ಕೆಡಿಸುವುದು ಕ್ಲೀನ್ ಏರ್ ಆ್ಯಕ್ಟಿನಡಿ ನಿಷಿದ್ಧವೇ; ವಿಡಿಯೊ ಅದನ್ನು ತೋರಿಸುವುದಿಲ್ಲ.

"ಪಿಕಪ್ ಇಲ್ಲ" ಎಂದು ಬರುವ ಗಾಡಿಯಲ್ಲಿ ನಾನು ಮೊದಲು ನೋಡುವುದು ಇರುವ ಟರ್ಬೊವನ್ನೇ. ಬೂಸ್ಟ್ ಹೋಸನ್ನು ಸೋಪಿನ ನೀರು ಹಾಕಿ ಒತ್ತಡದಲ್ಲಿ ಪರೀಕ್ಷಿಸುತ್ತೇನೆ, ಕ್ಲಿಪ್ಪಿನ ಅಡಿಯ ಬಿರುಕು ಕಣ್ಣಿಗೆ ಕಾಣುವುದಿಲ್ಲ. ವೇಸ್ಟ್‌ಗೇಟ್ ರಾಡ್ ಪೂರ್ತಿ ಮುಚ್ಚುತ್ತಿದೆಯೇ, ಪಂಪಿಗೆ ಬೂಸ್ಟ್ ಡಯಾಫ್ರಾಮ್ ಇದ್ದರೆ ಅದು ಹರಿದಿದೆಯೇ, ಟ್ಯಾಪೆಟ್ ಗ್ಯಾಪ್ ಎಷ್ಟಿದೆ, ಏರ್ ಫಿಲ್ಟರ್ ಬದಲಿಸಿ ಎಷ್ಟು ದಿನವಾಯಿತು, ಸೈಲೆನ್ಸರ್ ಒಳಗೆ ಕುಸಿದಿದೆಯೇ. ಡಯಾಫ್ರಾಮ್ ಹರಿದಿದ್ದರೆ ಬೂಸ್ಟ್ ಎಷ್ಟೇ ಬಂದರೂ ಪಂಪಿಗೆ ಸುದ್ದಿ ಮುಟ್ಟುವುದಿಲ್ಲ, ಅದು ಡೀಸೆಲ್ ಹೆಚ್ಚಿಸುವುದೇ ಇಲ್ಲ. ಅಂಥ ಗಾಡಿಗೆ ಯಾವ ವಿಜಿಟಿ ತಂದು ಹಾಕಿದರೂ ಚಡಾವಿನಲ್ಲಿ ಎರಡನೇ ಗೇರೇ ಗತಿ.