ದಿ ಕಲರ್ ಆಫ್ ಪಾಮಿಗ್ರನೇಟ್ಸ್ ನೋಟ್ಸ್: ಕವಿ ಯಾರು, ಹುಡುಗಿ ಯಾರು?

ನಿನ್ನೆ ರಾತ್ರಿ ಈ ಸಿನಿಮಾನ ಎರಡನೇ ಸಲ ನೋಡ್ದೆ, ಮರೆಯೋಕೆ ಮುಂಚೆ ಬರ್ಕೋತಿದೀನಿ.

ಬೇಸಿಕ್ಸ್ ಬೇಗ ಮುಗಿಸ್ತೀನಿ. ನಿರ್ದೇಶಕ ಸೆರ್ಗೆಯ್ ಪರಾಜನೋವ್, 1969, ಸೋವಿಯತ್ ಆರ್ಮೇನಿಯಾ. ಸಿನಿಮಾ ಇರೋದು ಕವಿ ಸಯಾತ್ ನೋವಾ ಬಗ್ಗೆ, ಅವನು 18ನೇ ಶತಮಾನದ ಅಶೂಗ್, ಅಂದ್ರೆ ತಾನೇ ಕಟ್ಟಿ ತಾನೇ ಹಾಡೋನು, ಕೈಯಲ್ಲಿ ಕಮಾಂಚಾ, ಅಂದ್ರೆ ಕಮಾನಿನಿಂದ ನುಡಿಸೋ ತಂತಿ ವಾದ್ಯ. ಟಿಫ್ಲಿಸ್ (ಈಗಿನ ಜಾರ್ಜಿಯಾದ ಟಿಬಿಲಿಸಿ) ಆಸ್ಥಾನದಲ್ಲಿದ್ದ, ಆಮೇಲೆ ಸನ್ಯಾಸಿಯಾದ, 1795ರಲ್ಲಿ ಪರ್ಷಿಯಾ ಸೈನ್ಯ ನುಗ್ಗಿದಾಗ ಸತ್ತ. ಪದ್ಯದ ಕೊನೇಲಿ ಹೆಸರು ಹಾಕ್ತಿದ್ದ, ನಮ್ಮ ದಾಸರ ಅಂಕಿತದ ಥರ, ಆದ್ರೆ ದಾಸರದ್ದು ದೇವ್ರ ಹೆಸರು, ಇವನದ್ದು ಸ್ವಂತದ್ದು.

ಈಗ ನಾನು ಎಡವಿದ ಜಾಗ. ಮೊದಲ ಸಲ ನೋಡ್ದಾಗ ಯುವಕ ಕವಿ ಯಾರು, ಅವನ ಹುಡುಗಿ ಯಾರು ಅಂತಾನೇ ಗೊತ್ತಾಗ್ಲಿಲ್ಲ, ಒಂದೇ ಮುಖ, ಅದೇ ಹುಬ್ಬು, ಅದೇ ನೆಟ್ಟ ನೋಟ, ನಾನು ಅಣ್ಣ ತಂಗಿ ಇರ್ಬೇಕು ಅನ್ಕೊಂಡು ಅರ್ಧ ಗಂಟೆ ಆ ಕಥೆ ಹುಡುಕ್ತಾ ಕೂತಿದ್ದೆ. ಇಬ್ರ ಪಾತ್ರಾನೂ ಮಾಡಿರೋದು ಒಬ್ಳೇ ನಟಿ, ಸೋಫಿಕೋ ಚಿಯಾವುರೇಲಿ! ಇನ್ನೂ ಕೆಲವು ಪಾತ್ರಾನೂ ಅವಳದ್ದೇ. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದ ನಂಗೆ ಇದು ಹೊಳೀಬೇಕಿತ್ತು ಬಿಡಿ. ನನ್ನ ಶಾರ್ಟ್‌ಕಟ್: ಮುಖ ಬಿಡಿ, ಕೈ ನೋಡಿ. ಕಮಾಂಚಾ ಇದ್ರೆ ಕವಿ, ಮುಖದ ಮುಂದೆ ಲೇಸ್ ಹಿಡಿದಿದ್ರೆ ಹುಡುಗಿ. ಇಷ್ಟು ಹಿಡ್ಕೊಂಡ್ಮೇಲೆ ಗೊತ್ತಾಯ್ತು, ಅವ್ನು ಅವಳನ್ನ ನೋಡ್ತಿಲ್ಲ, ಕನ್ನಡಿ ನೋಡ್ಕೊಳ್ತಿದಾನೆ, ಅಥವಾ ಪ್ರೀತಿ ಮಾಡ್ದೋಳ ಮುಖಾನೇ ತನಗೂ ಬಂದ್ಬಿಟ್ಟಿದೆ. ನಂಗೆ ಎರಡನೇದೇ ಇಷ್ಟ.

ಇನ್ನು ಕಥೆ ಕಾಯ್ಬೇಡಿ. ಕ್ಯಾಮೆರಾ ಅಲ್ಲಾಡೋದೇ ಕಮ್ಮಿ, ಮಾತು ಇಲ್ಲ ಅನ್ನೋಷ್ಟು, ಒಂದೊಂದು ಶಾಟ್ ಗೋಡೆಗೆ ತೂಗು ಹಾಕಿದ ಪಟದ ಥರ. ಶುರುನಲ್ಲೇ ಬಿಳಿ ಬಟ್ಟೆ ಮೇಲೆ ಮೂರು ದಾಳಿಂಬೆ, ಕೆಂಪು ರಸ ಹರಡ್ತಾ ಹೋಗತ್ತೆ, ಆ ಕಲೆ ಹಳೇ ಆರ್ಮೇನಿಯಾದ ಮ್ಯಾಪ್ ಅಂತ ಓದೋರಿದಾರೆ. ಅಧಿಕಾರಿಗಳಿಗೆ ಇದು ಕವಿಯ ಜೀವನ ಅನ್ನಿಸ್ಲಿಲ್ಲ, ಟೈಟಲ್‌ನಲ್ಲಿದ್ದ ಅವನ ಹೆಸರೇ ತೆಗೆಸಿದ್ರು. ಆಮೇಲೆ ಇನ್ನೊಬ್ಬ ನಿರ್ದೇಶಕ ಸೆರ್ಗೆಯ್ ಯೂಟ್‌ಕೆವಿಚ್ ಮರು ಎಡಿಟ್ ಮಾಡಿದ ವರ್ಷನ್ ಬಂತು. ನೋಡೋದಾದ್ರೆ 2014ರಲ್ಲಿ ರಿಸ್ಟೋರ್ ಮಾಡಿದ್ದು ಹುಡುಕಿ, ಬಣ್ಣಕ್ಕೋಸ್ಕರ ಆದ್ರೂ.

ಹಾಂ, ಮಠದ ಮಾಡಿನ ಮೇಲೆ ನೆಂದ ಪುಸ್ತಕ ಒಣಗಿಸೋ ಸೀನ್. ಹಪ್ಪಳ ಹರವಿದ ಹಾಗೆ ಹರವಿರ್ತಾರೆ, ಮಧ್ಯೆ ಪುಟ್ಟ ಹುಡುಗ ಮಲಗಿರ್ತಾನೆ, ಗಾಳಿಗೆ ಹಾಳೆಗಳೆಲ್ಲ ಪಟಪಟ. ಅದಕ್ಕೆ ಮಾತ್ರ ಹೆಡ್‌ಫೋನ್ ಹಾಕ್ಕೊಳ್ಳಿ.