ಬಿ.ಎ. ಆದ ಮೇಲೆ ಬಿ.ಇಡಿ.: ಹಾಸನ, ಚಿಕ್ಕಮಗಳೂರಿನಲ್ಲಿ ಲೆಕ್ಕ ತಪ್ಪಿದ ದಾರಿ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ದಾಖಲಾತಿ ಮೇಜಿನ ಮುಂದೆ ನಿಲ್ಲುವ ಪೋಷಕರು ಬಹುಕಾಲ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಬಿ.ಇಡಿ.ಗೆ ಆಗುವ ಕಾಂಬಿನೇಷನ್ ಯಾವುದು ಸಾರ್?" ಈಚಿನ ವರ್ಷಗಳಲ್ಲಿ ಆ ಪ್ರಶ್ನೆಯ ಹಿಂದೆ ಇನ್ನೂ ನಾಲ್ಕು ಪ್ರಶ್ನೆಗಳು ಸೇರಿಕೊಂಡಿವೆ. ಪದವಿ ಮೂರು ವರ್ಷದ್ದೋ ನಾಲ್ಕು ವರ್ಷದ್ದೋ, ಅಂಕಪಟ್ಟಿ ಕೊಡುವ ವಿಶ್ವವಿದ್ಯಾಲಯ ಯಾವುದು, ಕೋರ್ಸು ಮುಗಿಯುವವರೆಗೆ ಆ ವಿಶ್ವವಿದ್ಯಾಲಯ ಉಳಿದಿರುತ್ತದೆಯೇ, ಬಿ.ಇಡಿ. ಒಂದು ವರ್ಷವೋ ಎರಡು ವರ್ಷವೋ. ಈ ನಾಲ್ಕೂ ಬೇರೆಬೇರೆ ಕಡೆ, ಬೇರೆಬೇರೆ ಕಾಲದಲ್ಲಿ, ತಮ್ಮದೇ ಸಕಾರಣಗಳಿಂದ ಕೈಗೊಂಡ ತೀರ್ಮಾನಗಳ ಫಲ. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ತಪ್ಪು ಹುಡುಕುವುದು ಕಷ್ಟ. ನಾಲ್ಕೂ ಒಬ್ಬ ವಿದ್ಯಾರ್ಥಿನಿಯ ಮೇಲೆ ಒಟ್ಟಿಗೆ ಬಂದು ಬೀಳುವುದರಿಂದ ಗೋಜಲು ಹುಟ್ಟಿದೆ.

ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಸ್ಥಾಪನೆಯಾಗುವವರೆಗೆ ಸಂಸ್ಥಾನದ ಕಾಲೇಜುಗಳು ಮದರಾಸು ವಿಶ್ವವಿದ್ಯಾಲಯದ ಅಧೀನದಲ್ಲಿದ್ದವು. 1927ರಲ್ಲಿ ಕನ್ನಡ ಎಂ.ಎ., 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರ ಮುತುವರ್ಜಿಯಿಂದ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮ, 1960ರಲ್ಲಿ ಸ್ನಾತಕೋತ್ತರ ಆವರಣವಾದ ಮಾನಸಗಂಗೋತ್ರಿ, 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಹೀಗೆ ಎಲ್ಲವೂ ಮೈಸೂರಿನಲ್ಲೇ ಬೆಳೆದವು. ಹಾಸನದವರು ಬಸ್ಸು, ರೈಲು ಹತ್ತಿ ಅಲ್ಲಿಗೇ ಹೋದರು. ಭದ್ರಾ ಅಣೆಕಟ್ಟಿನ ಬಳಿಯ ಬಿ.ಆರ್. ಪ್ರಾಜೆಕ್ಟ್‌ನಲ್ಲಿದ್ದ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೇ 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯವಾದಾಗ ಚಿಕ್ಕಮಗಳೂರು ಜಿಲ್ಲೆ ಅದರ ವ್ಯಾಪ್ತಿಗೆ ಸರಿಯಿತು. ಹಾಸನ ಮಾತ್ರ ಮೈಸೂರಿನ ಜೊತೆಗೇ ಉಳಿದು, ಮುಂದೆ ಹೇಮಗಂಗೋತ್ರಿ ಎಂಬ ಸ್ನಾತಕೋತ್ತರ ಕೇಂದ್ರವನ್ನು ಪಡೆಯಿತು. ಬೇಲೂರಿನಿಂದ ಚಿಕ್ಕಮಗಳೂರಿಗೆ ಇಪ್ಪತ್ತೈದು ಕಿಲೋಮೀಟರಿನಷ್ಟು ದಾರಿ. ಆದರೂ ಎರಡೂ ಊರಿನ ಬಿ.ಎ. ವಿದ್ಯಾರ್ಥಿಗಳು ಆ ಬಳಿಕ ಓದಿದ ಪಠ್ಯಪುಸ್ತಕಗಳು ಬೇರೆ, ಅಂಕಪಟ್ಟಿ ತಿದ್ದಿಸಿಕೊಳ್ಳಲು ಹೋಗಬೇಕಾದ ದಿಕ್ಕೂ ಬೇರೆ. ಮೂಡಿಗೆರೆಯವರಿಗೆ ಕುವೆಂಪು ವಿಶ್ವವಿದ್ಯಾಲಯವಿರುವ ಶಂಕರಘಟ್ಟವೇನೂ ಹತ್ತಿರದ ಊರಲ್ಲ, ನೂರಕ್ಕೂ ಹೆಚ್ಚು ಕಿಲೋಮೀಟರ್ ಕ್ರಮಿಸಬೇಕು. ವಿಶ್ವವಿದ್ಯಾಲಯ ಮನೆಬಾಗಿಲಿಗೆ ಬಂತು ಎಂಬ ಮಾತನ್ನು ಮಲೆನಾಡಿನಲ್ಲಿ ಸ್ವಲ್ಪ ತಡೆದೇ ಆಡಬೇಕಾಗುತ್ತದೆ.

ಗಡಿಗಳು ಹೀಗೆ ಸರಿದಾಡುತ್ತಿದ್ದರೂ ಕಲಾ ಪದವಿಯ ಉದ್ದೇಶ ಮಾತ್ರ ಕದಲಿರಲಿಲ್ಲ. ಈ ಎರಡು ಜಿಲ್ಲೆಗಳಲ್ಲಿ ಬಿ.ಎ. ಎಂದರೆ ಬಹುಪಾಲು ಕುಟುಂಬಗಳಿಗೆ ಮೇಷ್ಟರ ಕೆಲಸಕ್ಕೆ ಹೋಗುವ ದಾರಿಯಾಗಿತ್ತು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಸೇರಿದ ಎಚ್.ಇ.ಪಿ. ತೆಗೆದುಕೊಂಡರೆ ಪ್ರೌಢಶಾಲೆಯ ಸಮಾಜ ವಿಜ್ಞಾನ. ರಾಜ್ಯಶಾಸ್ತ್ರದ ಬದಲು ಐಚ್ಛಿಕ ಕನ್ನಡ ಸೇರಿಸಿ ಎಚ್.ಇ.ಕೆ. ಮಾಡಿಕೊಂಡರೆ ಕನ್ನಡ ಭಾಷಾ ಶಿಕ್ಷಕರ ಹುದ್ದೆಗೂ ಅರ್ಜಿ ಹಾಕಬಹುದು. ಪಂಪ, ಕುಮಾರವ್ಯಾಸರನ್ನು ಓದುವ ಆಸೆಯಿಂದಲೇ ಐಚ್ಛಿಕ ಕನ್ನಡಕ್ಕೆ ಬಂದವರು ಇದ್ದೇ ಇದ್ದರು. ಆದರೆ ತಾಲ್ಲೂಕು ಕಾಲೇಜುಗಳಲ್ಲಿ ಆ ತರಗತಿಯನ್ನು ತುಂಬಿಸುತ್ತಿದ್ದುದು ನೇಮಕಾತಿಯ ಅಧಿಸೂಚನೆ. ಸಾಹಿತ್ಯದ ಓದುಗರು ಈ ಮಾತನ್ನು ಒಪ್ಪಲಿಕ್ಕಿಲ್ಲ. ದಾಖಲಾತಿ ಪುಸ್ತಕ ನೋಡಿದವರಿಗೆ ಒಪ್ಪದೆ ಬೇರೆ ದಾರಿಯಿಲ್ಲ. ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲೊಂದೆಂದು ಹೆಸರಾದ ಹಲ್ಮಿಡಿ ಶಾಸನ ಸಿಕ್ಕಿದ್ದು ಬೇಲೂರು ತಾಲ್ಲೂಕಿನಲ್ಲಿ, ಲಕ್ಷ್ಮೀಶನ ದೇವನೂರು ಇರುವುದು ಕಡೂರು ತಾಲ್ಲೂಕಿನಲ್ಲಿ ಎಂಬ ಹೆಮ್ಮೆ ಭಾಷಣಕ್ಕೆ ಒದಗುತ್ತದೆಯೇ ಹೊರತು, ಐಚ್ಛಿಕ ಕನ್ನಡಕ್ಕೆ ಬೇಕಾದ ಕನಿಷ್ಠ ದಾಖಲಾತಿಯನ್ನು ತಂದುಕೊಡುವುದಿಲ್ಲ.

ಪದವಿಯನ್ನೂ ಶಿಕ್ಷಕ ತರಬೇತಿಯನ್ನೂ ಒಟ್ಟಿಗೇ ಕೊಡುವ ಯೋಚನೆ ಈಗ ಹೊಸದೆಂಬಂತೆ ಚರ್ಚೆಯಾಗುತ್ತಿದೆ. 1963ರಲ್ಲಿ ಮೈಸೂರಿನಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯ ನಾಲ್ಕು ವರ್ಷಗಳ ಸಂಯುಕ್ತ ಕೋರ್ಸನ್ನು ಆಗಲೇ ನಡೆಸಿತ್ತು. ಹಾಸನ ಜಿಲ್ಲೆಯ ಸಂತೇಶಿವರದ ಎಸ್.ಎಲ್. ಭೈರಪ್ಪನವರು ನಿವೃತ್ತಿಯವರೆಗೆ ಪಾಠ ಹೇಳಿದ್ದೂ ಅದೇ ಸಂಸ್ಥೆಯಲ್ಲಿ. ಆ ಮಾದರಿ ಹೊರಗಿನ ಕಾಲೇಜುಗಳಿಗೆ ಹಬ್ಬಲಿಲ್ಲ. ಮೂರು ವರ್ಷದ ಬಿ.ಎ., ಅದರ ಮೇಲೆ ಒಂದು ವರ್ಷದ ಬಿ.ಇಡಿ. ಎಂಬ ಲೆಕ್ಕವೇ ಗಟ್ಟಿಯಾಯಿತು. ಪಿಯುಸಿ ಆದ ಕೂಡಲೇ ಎರಡು ವರ್ಷದ ಟಿ.ಸಿ.ಎಚ್., ಅಂದರೆ ಮುಂದೆ ಡಿ.ಇಡಿ. ಎನಿಸಿಕೊಂಡ ತರಬೇತಿ ಮುಗಿಸಿ ಪ್ರಾಥಮಿಕ ಶಾಲೆ ಸೇರುವ ಒಳದಾರಿಯೂ ಇತ್ತು. ಈ ಶತಮಾನದ ಮೊದಲ ದಶಕದಲ್ಲಿ ಖಾಸಗಿ ಡಿ.ಇಡಿ. ಕಾಲೇಜುಗಳು ತಾಲ್ಲೂಕು ಕೇಂದ್ರಗಳಲ್ಲೂ ತಲೆಯೆತ್ತಿದವು. ನೇಮಕಾತಿ ಇಳಿಮುಖವಾಗಿ, ಶಿಕ್ಷಕರ ಅರ್ಹತಾ ಪರೀಕ್ಷೆ ಕಡ್ಡಾಯವಾದ ಮೇಲೆ ಅವುಗಳಲ್ಲಿ ಹೆಚ್ಚಿನವು ಬಾಗಿಲು ಹಾಕಿದವು. ಅವುಗಳಲ್ಲಿ ಕೆಲವು ಕಟ್ಟಡಗಳಿಗೆ ಈಗ ಬೇರೆ ಕಾಲೇಜಿನ ಬೋರ್ಡು ಬಿದ್ದಿದೆ.

ಬಿ.ಇಡಿ. ಲೆಕ್ಕ ಬದಲಾದದ್ದು 2015ರಲ್ಲಿ. ಶಿಕ್ಷಕ ಶಿಕ್ಷಣದ ಗುಣಮಟ್ಟ ಪರಿಶೀಲಿಸಿದ ನ್ಯಾಯಮೂರ್ತಿ ವರ್ಮಾ ಆಯೋಗ 2012ರಲ್ಲಿ ವರದಿ ಸಲ್ಲಿಸಿತು. ಅದರ ಬೆನ್ನಿಗೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಬಂದು, ಬಿ.ಇಡಿ. ಎರಡು ವರ್ಷದ ಕೋರ್ಸಾಯಿತು. ಕಾರಣ ಸರಿಯಾಗಿಯೇ ಇತ್ತು. ಸೂಕ್ಷ್ಮ ಬೋಧನೆಯ ನಾಲ್ಕಾರು ಪಾಠ, ಬಣ್ಣದ ಹಾಳೆ ಅಂಟಿಸಿದ ಒಂದಿಷ್ಟು ಪಾಠೋಪಕರಣ, ಹಿಂದಿನ ವರ್ಷದವರಿಂದ ಎರವಲು ಪಡೆದು ನಕಲು ಮಾಡಿದ ಪಾಠಯೋಜನೆಯ ಪುಸ್ತಕ ಇಷ್ಟರಲ್ಲಿ ಒಂದು ವರ್ಷ ಮುಗಿದುಹೋಗುತ್ತಿದ್ದುದನ್ನು ಬಲ್ಲವರು, ಶಾಲೆಯಲ್ಲಿ ಒಟ್ಟು ಇಪ್ಪತ್ತು ವಾರ ಕಳೆಯಲೇಬೇಕೆಂಬ ಹೊಸ ನಿಯಮವನ್ನು ವಿರೋಧಿಸುವುದು ಕಷ್ಟ. ಆದರೆ ಎರಡನೆಯ ವರ್ಷದ ಶುಲ್ಕ, ಹಾಸ್ಟೆಲ್ ಖರ್ಚು, ಮನೆಗೆ ಬರಬೇಕಿದ್ದ ಸಂಬಳ ಒಂದು ವರ್ಷ ಮುಂದೆ ಹೋಗುವುದು ಇವನ್ನು ನಿಯಮಾವಳಿ ಲೆಕ್ಕಕ್ಕೆ ಹಿಡಿಯಲಿಲ್ಲ. ಅರಕಲಗೂಡಿನ ಆಲೂಗಡ್ಡೆ ಬೆಳೆಗಾರರ ಮನೆಯಲ್ಲೋ ಕೊಪ್ಪದ ಕಡೆಯ ತೋಟದ ಕಾರ್ಮಿಕರ ಮನೆಯಲ್ಲೋ ಆ ಒಂದು ವರ್ಷವೇ ದೊಡ್ಡದು. ಹೆಣ್ಣುಮಕ್ಕಳ ವಿಷಯದಲ್ಲಿ ಅದರ ಜೊತೆಗೆ ಮದುವೆಯ ಲೆಕ್ಕವೂ ಸೇರಿಕೊಳ್ಳುತ್ತದೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಈ ಹೊತ್ತಿಗೆ ಸಂಯೋಜನೆಗಳಲ್ಲಿ ಪತ್ರಿಕೋದ್ಯಮವೂ ಜಾಗ ಪಡೆದಿತ್ತು. ಹಾಸನದಲ್ಲಿ ಆಕಾಶವಾಣಿ ಕೇಂದ್ರವಿದೆ, ಎರಡೂ ಜಿಲ್ಲೆಗಳಲ್ಲಿ ಸ್ಥಳೀಯ ದಿನಪತ್ರಿಕೆಗಳಿಗೆ ನಿಷ್ಠ ಓದುಗರಿದ್ದಾರೆ. ಕಲಿಕೆಗೆ ಇದಕ್ಕಿಂತ ಒಳ್ಳೆಯ ನೆರೆಹೊರೆ ಸಿಗುವುದು ಕಡಿಮೆ. ಆದರೂ ಕ್ಯಾಮೆರಾ, ಪುಟವಿನ್ಯಾಸದ ಕಂಪ್ಯೂಟರ್ ಇಲ್ಲದ ಕಡೆ ಪ್ರಾಯೋಗಿಕ ಪತ್ರಿಕೆಯನ್ನು ಪೇಟೆಯ ಡಿಟಿಪಿ ಅಂಗಡಿಯವರೇ ಮಾಡಿಕೊಡುವುದು ರೂಢಿಯಾಯಿತು. ದೃಶ್ಯಕಲೆಯ ಪದವಿಗೆ ಇಲ್ಲಿನವರು ಇಂದಿಗೂ ಸಾಮಾನ್ಯವಾಗಿ ನೋಡುವುದು ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯತ್ತ. 2009ರ ಕಾಯ್ದೆಯಡಿ ಬಂದ ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವೂ ಅದೇ ಊರಿನದು. 2023ರಲ್ಲಿ ಬೇಲೂರು, ಹಳೇಬೀಡು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದರೂ ಈ ಸ್ಥಿತಿಯೇನೂ ಬದಲಾಗಲಿಲ್ಲ.

ಗೋಜಲು ನಿಜವಾಗಿ ಬಿಗಿಯಾದದ್ದು 2021ರಿಂದ ಈಚೆಗೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ಹಂತದಲ್ಲಿ ಜಾರಿಗೆ ತಂದ ಮೊದಲ ರಾಜ್ಯವೆಂಬ ಹೆಸರಿನೊಂದಿಗೆ ಕರ್ನಾಟಕವು 2021-22ರಲ್ಲಿ ನಾಲ್ಕು ವರ್ಷಗಳ ಆನರ್ಸ್ ಪದವಿಯನ್ನು ಆರಂಭಿಸಿತು. ಮೂರು ಐಚ್ಛಿಕ ವಿಷಯಗಳ ಜಾಗದಲ್ಲಿ ಎರಡು ಮುಖ್ಯ ವಿಷಯ, ಮುಕ್ತ ಆಯ್ಕೆಯ ಒಂದು ಪತ್ರಿಕೆ, ಡಿಜಿಟಲ್ ಫ್ಲುಯೆನ್ಸಿ, ಯೋಗ ಮತ್ತು ಆರೋಗ್ಯ ಇತ್ಯಾದಿ ಬಂದವು. ವಾಣಿಜ್ಯದ ವಿದ್ಯಾರ್ಥಿಯೊಬ್ಬ ಮುಕ್ತ ಆಯ್ಕೆಯಲ್ಲಿ ಪತ್ರಿಕಾ ಬರವಣಿಗೆಯನ್ನು ಓದಬಹುದಾದದ್ದು ಒಳ್ಳೆಯ ಬದಲಾವಣೆಯೇ. ಆದರೆ ಎಚ್.ಇ.ಪಿ. ಎಂಬ ಮೂರಕ್ಷರದ ಗಂಟು ಬಿಚ್ಚಿಹೋಯಿತು. ಇತಿಹಾಸದ ಜೊತೆ ಅರ್ಥಶಾಸ್ತ್ರ ಹಿಡಿದರೆ ರಾಜ್ಯಶಾಸ್ತ್ರ ಬಿಡಬೇಕು. ಕನ್ನಡ ಹಿಡಿದರೆ ಎರಡನ್ನೂ ಬಿಡಬೇಕು. ವಿದ್ಯಾರ್ಥಿ ಬಿಟ್ಟ ವಿಷಯದ ಅತಿಥಿ ಉಪನ್ಯಾಸಕರ ಕಾರ್ಯಭಾರ ಅಷ್ಟಕ್ಕಷ್ಟು ಇಳಿಯುತ್ತದೆ, ಕಾರ್ಯಭಾರ ಇಳಿದರೆ ಮುಂದಿನ ವರ್ಷ ಅವರು ಆ ಕಾಲೇಜಿನಲ್ಲಿ ಇರುವುದಿಲ್ಲ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ದುಡಿಯುತ್ತಿರುವಾಗ ಪಠ್ಯಕ್ರಮ ತಿದ್ದುವುದೆಂದರೆ ಅವರ ಅನ್ನವನ್ನೂ ತಿದ್ದಿದಂತೆಯೇ. 2023ರ ಕೊನೆಯಲ್ಲಿ ಅವರು ಸೇವಾಭದ್ರತೆ ಕೋರಿ ತರಗತಿ ಬಹಿಷ್ಕರಿಸಿ ವಾರಗಟ್ಟಲೆ ಧರಣಿ ಕೂತಾಗ, ತಾಲ್ಲೂಕು ಕಾಲೇಜುಗಳ ಕಲಾ ವಿಭಾಗಗಳು ಎಷ್ಟರಮಟ್ಟಿಗೆ ಅವರ ಮೇಲೆಯೇ ನಿಂತಿವೆ ಎಂಬುದು ಎಲ್ಲರಿಗೂ ಕಾಣಿಸಿತು.

ಅದೇ ವರ್ಷ ಅಕ್ಟೋಬರಿನಲ್ಲಿ ಹೊಸ ಸರ್ಕಾರ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗವನ್ನು ರಚಿಸಿತು. ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ 2024-25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ, ಮೂರು ವಿಷಯಗಳ ಪದ್ಧತಿಗೆ ಮರಳಿತು. ಹಳೆಯ ಎಚ್.ಇ.ಪಿ. ವಾಪಸು ಬಂದದ್ದಕ್ಕೆ ಸಮಾಧಾನಪಟ್ಟವರು ಬೋಧಕರಲ್ಲೂ ಪೋಷಕರಲ್ಲೂ ಕಡಿಮೆಯೇನಿಲ್ಲ. ಆದರೆ ಆ ವರ್ಷ ತಾಲ್ಲೂಕು ಕಾಲೇಜೊಂದರ ಸ್ಟಾಫ್ ರೂಮಿನ ಗೋಡೆ ನೋಡಿದ್ದರೆ ಬದಲಾವಣೆಯ ಭಾರ ತಿಳಿಯುತ್ತಿತ್ತು. ಮೊದಲ ವರ್ಷಕ್ಕೆ ಹೊಸ ಪಠ್ಯಕ್ರಮದ ವೇಳಾಪಟ್ಟಿ, ಎರಡು ಮತ್ತು ಮೂರನೆಯ ವರ್ಷಕ್ಕೆ ಹಿಂದಿನ ನೀತಿಯದು, ಅದರ ಪಕ್ಕದಲ್ಲಿ ಅದಕ್ಕೂ ಹಿಂದಿನ ಪದ್ಧತಿಯಲ್ಲಿ ವಿಷಯ ಉಳಿಸಿಕೊಂಡವರಿಗೆ ಪರೀಕ್ಷಾ ಶುಲ್ಕದ ಸುತ್ತೋಲೆ. ಕನ್ನಡದ ಒಬ್ಬರೇ ಉಪನ್ಯಾಸಕಿ ಬೆಳಿಗ್ಗೆ ಒಂದು ನೀತಿಯ ಐದನೆಯ ಸೆಮಿಸ್ಟರ್‌ಗೆ ಕಾವ್ಯಮೀಮಾಂಸೆ, ಮಧ್ಯಾಹ್ನ ಇನ್ನೊಂದು ನೀತಿಯ ಮೊದಲ ಸೆಮಿಸ್ಟರ್‌ಗೆ ಕಥಾಸಂಕಲನ ಪಾಠ ಮಾಡಿ, ಎರಡಕ್ಕೂ ಬೇರೆಬೇರೆ ಮಾದರಿಯ ಆಂತರಿಕ ಅಂಕಗಳನ್ನು ವಿಶ್ವವಿದ್ಯಾಲಯ, ಕಾಲೇಜುಗಳ ಏಕೀಕೃತ ನಿರ್ವಹಣೆಯ ಯು.ಯು.ಸಿ.ಎಂ.ಎಸ್. ತಂತ್ರಾಂಶಕ್ಕೆ ಏರಿಸಬೇಕು. ಗುಡ್ಡದ ಊರುಗಳಲ್ಲಿ ಮಳೆಗಾಲದ ನೆಟ್‌ವರ್ಕ್ ಹೇಗಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಸನಕ್ಕೆ ಇದರ ಮೇಲೆ ಇನ್ನೊಂದು ಪದರವೂ ಸೇರಿತು. 2022ರ ಕಾಯ್ದೆ ತಿದ್ದುಪಡಿಯ ಮೂಲಕ ರಾಜ್ಯ ಏಳು ಹೊಸ ವಿಶ್ವವಿದ್ಯಾಲಯಗಳನ್ನು ರೂಪಿಸಿತು: ಬೀದರ್, ಹಾವೇರಿ, ಕೊಪ್ಪಳ, ಬಾಗಲಕೋಟೆ, ಚಾಮರಾಜನಗರ, ಕೊಡಗು ಮತ್ತು ಹಾಸನ. ಹೆಚ್ಚಿನ ಖರ್ಚಿಲ್ಲದೆ ಇದ್ದ ಸ್ನಾತಕೋತ್ತರ ಕೇಂದ್ರಗಳನ್ನೇ ವಿಶ್ವವಿದ್ಯಾಲಯವಾಗಿಸುವುದು ಯೋಜನೆಯ ತಿರುಳಾಗಿತ್ತು. ಹಾಗಾಗಿ 2023ರಲ್ಲಿ ಹೇಮಗಂಗೋತ್ರಿ ಹಾಸನ ವಿಶ್ವವಿದ್ಯಾಲಯವಾಯಿತು. ಮೊದಲೇ ಸೇರಿದವರ ಪದವಿ ಪ್ರಮಾಣಪತ್ರ ಮೈಸೂರಿನದು, ಹೊಸಬರದು ಹಾಸನದ್ದು. ಶತಮಾನದ ಹೆಸರಿರುವ ಮುದ್ರೆ ತಪ್ಪಿತೆಂದು ಕೆಲವರು ಕೊರಗಿದರು. ಅಂಕಪಟ್ಟಿಯ ದೋಷ ಸರಿಪಡಿಸಿಕೊಳ್ಳಲು ಇನ್ನು ಮೈಸೂರಿಗೆ ಓಡಬೇಕಿಲ್ಲವೆಂದು ಇನ್ನು ಕೆಲವರು ನಿಟ್ಟುಸಿರು ಬಿಟ್ಟರು. ಎರಡು ವರ್ಷ ತುಂಬುವುದರೊಳಗೆ, 2025ರ ಫೆಬ್ರವರಿಯಲ್ಲಿ, ಹಣಕಾಸಿನ ಕೊರತೆಯನ್ನು ಮುಂದಿಟ್ಟು ಸಚಿವ ಸಂಪುಟದ ಉಪಸಮಿತಿ ಹಾಸನವೂ ಸೇರಿದಂತೆ ಈಚೆಗೆ ಸ್ಥಾಪನೆಯಾದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಸಲಹೆ ನೀಡಿತು. ವಿದ್ಯಾರ್ಥಿ ಸಂಘಟನೆಗಳು ಬೀದಿಗಿಳಿದವು. ಖರ್ಚಿಲ್ಲದೆ ಕಟ್ಟಿದ್ದನ್ನು ಖರ್ಚಿನ ಕಾರಣಕ್ಕೆ ಮುಚ್ಚಬೇಕೆಂಬ ವಾದದಲ್ಲಿ ಅಂಕಗಣಿತವೇನೋ ಇದೆ, ಹಾಸನದ ಎಂ.ಎ. ತರಗತಿಯಲ್ಲಿ ಕುಳಿತವರಿಗೆ ಅದು ಅರ್ಥವಾಗುವುದು ಸುಲಭವಲ್ಲ.

ಶಿಕ್ಷಕ ನೇಮಕಾತಿಯ ಕಡೆಯೂ ನೆಲ ಅಲುಗಿತು. 2022ರಲ್ಲಿ ಆರರಿಂದ ಎಂಟನೆಯ ತರಗತಿಗೆ 15,000 ಪದವೀಧರ ಶಿಕ್ಷಕರ ನೇಮಕಾತಿಗೆ ಅಧಿಸೂಚನೆ ಹೊರಟಾಗ ಬಿ.ಎ., ಬಿ.ಇಡಿ. ಆದವರಲ್ಲಿ ಹುರುಪು ಮೂಡಿತ್ತು. ಮರುವರ್ಷ ಆಗಸ್ಟ್‌ನಲ್ಲಿ, ಒಂದರಿಂದ ಐದನೆಯ ತರಗತಿಗೆ ಬಿ.ಇಡಿ. ಅರ್ಹತೆಯಲ್ಲವೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಪುಟ್ಟ ಮಕ್ಕಳಿಗೆ ಕಲಿಸಲು ಅದಕ್ಕೇ ಮೀಸಲಾದ ತರಬೇತಿ ಬೇಕೆಂಬುದು ಸರಿಯಾದ ಮಾತು. ಆದರೆ ಆ ತರಬೇತಿ ಕೊಡುತ್ತಿದ್ದ ಡಿ.ಇಡಿ. ಕಾಲೇಜುಗಳಲ್ಲಿ ಹೆಚ್ಚಿನವು ಅಷ್ಟರಲ್ಲಿ ಮುಚ್ಚಿಹೋಗಿದ್ದವು.

ಈಗಿನ ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2025ರಲ್ಲಿ ಪ್ರಕಟಿಸಿದ ಕರಡು ನಿಯಮಾವಳಿಯಲ್ಲಿ ಒಂದು ವರ್ಷದ ಬಿ.ಇಡಿ.ಯನ್ನು ಮರಳಿ ತರುವ ಪ್ರಸ್ತಾಪವಿದೆ. ಹತ್ತು ವರ್ಷದ ಹಿಂದೆ ಕಳೆದುಕೊಂಡದ್ದು ಸಿಕ್ಕಿತೆಂದು ಅನೇಕರು ಸಂತೋಷಪಟ್ಟರು. ಕರಡನ್ನು ಪೂರ್ತಿ ಓದಿದರೆ, ಆ ಒಂದು ವರ್ಷದ ಕೋರ್ಸು ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಮುಗಿಸಿದವರಿಗೆ ಮಾತ್ರ. ಕರ್ನಾಟಕದ ಪದವಿ ಈಗ ಮತ್ತೆ ಮೂರು ವರ್ಷದ್ದು. ಪ್ರಸ್ತಾಪ ಹೀಗೇ ಜಾರಿಯಾದರೆ, ಈ ಜೂನ್‌ನಲ್ಲಿ ಸಕಲೇಶಪುರದಲ್ಲೋ ತರೀಕೆರೆಯಲ್ಲೋ ಎಚ್.ಇ.ಕೆ. ಸೇರುವ ಹುಡುಗಿ ಮೂರು ವರ್ಷದ ಬಿ.ಎ. ಮುಗಿಸಿ ಎರಡು ವರ್ಷದ ಬಿ.ಇಡಿ. ಮಾಡಬೇಕು, ಇಲ್ಲವೇ ಮಧ್ಯದಲ್ಲಿ ಎಂ.ಎ. ಓದಿ, ಒಟ್ಟು ಆರು ವರ್ಷಕ್ಕೆ ಒಂದು ವರ್ಷದ ಬಿ.ಇಡಿ. ಪಡೆಯಬೇಕು. 2021ರಿಂದ 2023ರ ನಡುವೆ ಸೇರಿ ನಾಲ್ಕನೆಯ ವರ್ಷವನ್ನೂ ಮುಗಿಸುವ ಅವಳ ಅಕ್ಕಂದಿರಿಗೆ ಮಾತ್ರ ಅದು ಐದೇ ವರ್ಷಕ್ಕೆ ಕೈಗೆಟುಕುತ್ತದೆ.